ಅಜ್ಜಿ ಮನೆಯ ಸರ್ಟಿಫಿಕೇಟು

ಕಳೆದ ತಿಂಗಳು ನಮ್ಮ ಬೀದಿಯ ಕೊನೆಯ ಮನೆಯ ಸೊಸೆ ನನ್ನನ್ನು ಹುಡುಕಿಕೊಂಡು ಬಂದಳು. ಕಾಫಿ ಮುಗಿಯುವ ತನಕ ಸೊಪ್ಪಿನ ಬೆಲೆ, ನೀರಿನ ತೊಂದರೆ ಎಲ್ಲ ಆಯಿತು. ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದಳು. "ಆಂಟಿ, ನಿಮ್ಮ ತವರೂರಿನ ಶಾಲೆಯಲ್ಲಿ ನಮ್ಮ ಪುಟ್ಟನ ಹೆಸರು ಹಾಕಿಸೋಕೆ ಆಗುತ್ತಾ? ಬರೀ ಹೆಸರು. ಮೂರನೇ ಕ್ಲಾಸಿನಿಂದ ಐದರ ತನಕ. ಈಗೆಲ್ಲ ಕಂಪ್ಯೂಟರಿಗೆ ಹಾಕ್ತಾರಂತೆ, ಆದರೂ ಹಳ್ಳೀಲಿ ಗೊತ್ತಿರೋರು ಇದ್ದರೆ ನಡೆಯುತ್ತಂತೆ."

ನವೋದಯಕ್ಕೆ ಎಂದು ಅವಳು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗುವುದಿಲ್ಲ ಎಂದೆ. ಅವಳ ಮುಖ ಕೆಂಪಾಯಿತು. "ನಿಮ್ಮ ಮಗನಿಗೆ ಮಾಡಿಸಿದ್ರಲ್ಲ ಆಂಟಿ!" ಎಂದವಳೇ ಎದ್ದು ಹೋದಳು.

ಹೌದು, ಮಾಡಿಸಿದ್ದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜವಾಹರ್ ನವೋದಯ ವಿದ್ಯಾಲಯಗಳು ಹುಟ್ಟಿದ್ದು ಏಕೆ ಎಂಬುದನ್ನು ನಾವು ಪಟ್ಟಣದ ತಾಯಂದಿರು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೇವೆ. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಿಂದ ಶುರುವಾದದ್ದು ಇಂದು ದೇಶದಲ್ಲಿ 600ಕ್ಕೂ ಹೆಚ್ಚಾಗಿದೆ. ದುಡ್ಡಿಲ್ಲದ, ಹತ್ತಿರದಲ್ಲಿ ಒಳ್ಳೆಯ ಶಾಲೆ ಇಲ್ಲದ ಹಳ್ಳಿಯ ಜಾಣ ಮಗುವಿಗೆ ಊಟ, ವಸತಿ, ಪುಸ್ತಕ, ಸಮವಸ್ತ್ರ ಕೊಟ್ಟು ಓದಿಸಬೇಕು ಎಂಬುದು ಅದರ ಮೂಲ ಆಸೆ. ಆರನೆಯ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕಡೇಪಕ್ಷ ನೂರಕ್ಕೆ 75 ಪಾಲು ಹಳ್ಳಿಯವರಿಗೆ. ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಮೂರು, ನಾಲ್ಕು, ಐದನೆಯ ತರಗತಿಗಳಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಕೂತಿದ್ದರೂ ಆ ಮಗು ಪಟ್ಟಣದ್ದೇ ಎಂದು ಈಗಿನ ನಿಯಮ ಹೇಳುತ್ತದೆ. ನಿಯಮ ಇಷ್ಟು ಬಿಗಿಯಾಗಿರುವುದು ಯಾರಿಗೆ ಹೆದರಿ ಎಂದುಕೊಂಡಿರಿ? ನಮಗೇ.

1993ರಲ್ಲಿ ನನ್ನ ಮಗ ಮೂರನೆಯ ತರಗತಿ. ನಮ್ಮ ಮನೆಯವರದು ಸರ್ಕಾರಿ ನೌಕರಿ, ಬಾಡಿಗೆ ಮನೆ, ಎರಡು ಹೊತ್ತಿನ ಊಟಕ್ಕೆ ಕೊರತೆಯಿಲ್ಲ. ಆದರೂ ತವರಿನಲ್ಲಿ ಅಣ್ಣನಿಗೆ ಹೇಳಿ, ಅಲ್ಲಿನ ಹೆಡ್‌ಮೇಷ್ಟ್ರಿಗೆ ಹೇಳಿಸಿ, ಮಗನ ಹೆಸರು ಹಾಜರಿ ಪುಸ್ತಕಕ್ಕೆ ಸೇರಿಸಿದೆ. ಹೆಸರು ಹಳ್ಳಿಯಲ್ಲಿ, ಹುಡುಗ ಪಟ್ಟಣದಲ್ಲಿ. ಐದನೆಯ ತರಗತಿಗೆ ಬಂದ ಮೇಲೆ ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಟ್ಯೂಷನ್ನಿಗೆ ಕಳಿಸುತ್ತಿದ್ದೆ. ಚಳಿಗೆ ಮಫ್ಲರ್ ಸುತ್ತಿಕೊಂಡು ನಿದ್ದೆಗಣ್ಣಲ್ಲಿ ಹೋಗುತ್ತಿತ್ತು ಕೂಸು. ರಾತ್ರಿ ಊಟವಾದ ಮೇಲೆ ಇನ್ನೊಂದು ಪಾಠ. ಅದನ್ನು ನಾನೇ ಹೇಳಿಕೊಡುತ್ತಿದ್ದೆ. "ಯಾರಾದರೂ ಕೇಳಿದರೆ ಏನು ಹೇಳ್ತೀಯಾ?" "ಅಜ್ಜಿ ಮನೇಲಿದ್ದು ಓದಿದೆ." "ನಿಮ್ಮ ಮೇಷ್ಟ್ರ ಹೆಸರು?" ಅವನು ಒಪ್ಪಿಸುತ್ತಿದ್ದ. ಆ ಮೇಷ್ಟ್ರ ಮುಖವನ್ನು ಅವನು ನೋಡಿರಲಿಲ್ಲ. ಹತ್ತು ವರ್ಷದ ಮಗುವಿಗೆ ಲಸಾಅ, ಮಸಾಅ ಜೊತೆಗೆ ಸುಳ್ಳನ್ನೂ ಬಾಯಿಪಾಠ ಮಾಡಿಸಿದ ತಾಯಿ ನಾನು.

1996ರಲ್ಲಿ ಸೀಟು ಸಿಕ್ಕಿತು. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ.

ಪೋಷಕರ ಭೇಟಿಯ ಭಾನುವಾರಗಳು ಇಂದಿಗೂ ಕಣ್ಣಿಗೆ ಕಟ್ಟಿವೆ. ಶಾಲೆಯ ಅಂಗಳದ ಮರಗಳ ಕೆಳಗೆ ಚಾಪೆ, ಜಮಖಾನ ಹಾಸಿಕೊಂಡು ಸಂಸಾರಗಳು ಕೂರುತ್ತಿದ್ದವು. ಮಕ್ಕಳು ಅಮ್ಮಂದಿರ ಡಬ್ಬಿಗೆ ಕೈಹಾಕಿ ತಿಂದು, ಹೊರಡುವ ಹೊತ್ತಿಗೆ ಅಳುತ್ತಿದ್ದವು. ಮೊದಲ ಭೇಟಿಯಲ್ಲಿ ನಮ್ಮ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಎರಡು ಬಸ್ಸು ಬದಲಾಯಿಸಿ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. ಕೂಲಿ ಮಾಡುವವಳು. ನನ್ನ ಮಗನಿಗೂ ಒಂದು ರೊಟ್ಟಿ ಕೊಟ್ಟು ಕೇಳಿದಳು, "ಯಾವ ಊರ್ ಸ್ಕೂಲ್ನಿಂದ ಬಂದಿದ್ದಾನವ್ವ ನಿಮ್ಮ ಮಗ?"

ತವರೂರಿನ ಹೆಸರು ಹೇಳಿದೆ. ಬೇರೆ ಏನು ಹೇಳಲಿ?

"ಅಯ್ಯೋ, ಅದು ನಮ್ಮಕ್ಕನೂರು ಕಣವ್ವ! ಅವಳ ಮಗ್ಳೂ ಅದೇ ಸ್ಕೂಲು, ಅದೇ ಐದ್ನೇ ಕ್ಲಾಸು. ಅವ್ಳೂ ಪರೀಕ್ಷೆ ಬರ್ದಿದ್ಲು, ಸಿಗ್ನಿಲ್ಲ. ನಿನಗೆ ಗೊತ್ತಿರ್ಬೇಕಲ್ಲ ಮಗ ಅವ್ಳು?"

ಮಗ ತಲೆ ಬಗ್ಗಿಸಿ ನೆಲ ನೋಡಿದ. ನಾನು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತೆ. ಆಕೆ ಮತ್ತೇನೂ ಕೇಳಲಿಲ್ಲ. ಅರ್ಥವಾಯಿತೋ ಇಲ್ಲವೋ, ಇನ್ನೊಂದು ರೊಟ್ಟಿ ಹಾಕಿದಳು. ಆ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಆ ಹುಡುಗಿಯ ಸೀಟನ್ನೇ ನನ್ನ ಮಗ ಕಿತ್ತುಕೊಂಡ ಎಂದು ಹೇಳಲಾರೆ. ಅದನ್ನು ಯಾರೂ ಹೇಳಲಾರರು. ಆದರೆ ಅಂಥ ಒಬ್ಬಳ ಸೀಟು ಅದು. ನಮ್ಮ ಊರಿನ ಶಾಲೆ ಇದ್ದದ್ದು ಏಳನೆಯ ತರಗತಿಯ ತನಕ. ಅವಳ ಓದೂ ಅಲ್ಲಿಗೇ ನಿಂತಿತು ಎಂದು ಆಮೇಲೆ ಅತ್ತಿಗೆ ಹೇಳಿದಳು.

"ಹಳ್ಳಿ ಮಕ್ಕಳಿಗೆ ಅಲ್ಲಿನ ಓದು ಹತ್ತೋದಿಲ್ಲ, ಅರ್ಧಕ್ಕೇ ಓಡಿ ಬರ್ತಾರೆ" ಎನ್ನುವ ಮಾತು ನಮ್ಮ ಪಟ್ಟಣಗಳ ಪಡಸಾಲೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಓದು ಕಷ್ಟ ನಿಜ. ಮುಂಜಾನೆಯ ಪಿ.ಟಿ., ಸಂಜೆಯ ಓದಿನ ಅವಧಿ, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವುದು. ಮೊದಲು ಕನ್ನಡದಲ್ಲಿ ಪಾಠ, ಮೇಲಿನ ತರಗತಿಗೆ ಬಂದಂತೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ಆಗ ಆ ರೊಟ್ಟಿಯಮ್ಮನ ಮಗ ತತ್ತರಿಸಿಹೋದ. ನನ್ನ ಮಗ ಟ್ಯೂಷನ್ನಿನ ಬಲದಿಂದ ಸಲೀಸಾಗಿ ದಾಟಿದ. ಆದರೆ ಹತ್ತನೆಯ ತರಗತಿಯ ಗಣಿತದಲ್ಲಿ ಹೆಚ್ಚು ಅಂಕ ಪಡೆದವನು ಯಾರು ಗೊತ್ತೇ? ಅವನೇ. ಕಲಿಸುವವರು, ಹೊಟ್ಟೆಗೆ ಅನ್ನ, ಓದಲು ಬೆಳಕು ಮೂರೂ ಸಿಕ್ಕರೆ ಹಳ್ಳಿಯ ಮಗು ಯಾರಿಗೂ ಕಮ್ಮಿಯಲ್ಲ. ಆ ಮೂರನ್ನೂ ನಾವು ಕಸಿದುಕೊಂಡು, ಆಮೇಲೆ ಅವರಿಗೆ ಹತ್ತೋದಿಲ್ಲ ಎನ್ನುತ್ತೇವೆ!

"ಮಕ್ಕಳ ಭವಿಷ್ಯಕ್ಕೆ ತಾನೇ ಮಾಡೋದು" ಎನ್ನುತ್ತೀರಿ. ಭವಿಷ್ಯ ಇರುವುದು ನಮ್ಮ ಮಕ್ಕಳಿಗೆ ಮಾತ್ರವೇ? ನಮ್ಮ ಮಗುವಿಗೆ ನವೋದಯ ತಪ್ಪಿದರೆ ಪಟ್ಟಣದಲ್ಲಿ ಇನ್ನೂ ನಾಲ್ಕು ಬಾಗಿಲುಗಳಿವೆ. ಅದಕ್ಕೆ ತಪ್ಪಿದರೆ ದನದ ಕೊಟ್ಟಿಗೆ, ಇಲ್ಲವೇ ಬೇಗನೆ ಒಂದು ಮದುವೆ. ನವೋದಯದಲ್ಲೇ ಓದಿಸಬೇಕೆಂಬ ಆಸೆ ತಪ್ಪಲ್ಲ. ಪಟ್ಟಣದ ಮಗು ಪಟ್ಟಣದ ಮಗುವಾಗಿಯೇ ಪರೀಕ್ಷೆ ಬರೆಯಲು ಯಾವ ಅಡ್ಡಿಯೂ ಇಲ್ಲ. ಸಿಕ್ಕರೆ ಸಂತೋಷ, ಸಿಗದಿದ್ದರೆ ಅದು ಮಾನ ಹೋಗುವ ವಿಷಯವಲ್ಲ. ಸೀಟು ಕಡಿಮೆ ಎಂಬ ಸಿಟ್ಟಿದ್ದರೆ ಅದನ್ನು ಸರ್ಕಾರದ ಮೇಲೆ ತೋರಿಸೋಣ. ಜಿಲ್ಲೆಗೊಂದೇ ಏಕೆ, ಪ್ರತಿ ಹೋಬಳಿಯ ಶಾಲೆಗೂ ಅಂಥ ಮೇಷ್ಟ್ರು, ಅಂಥ ಪ್ರಯೋಗಾಲಯ ಏಕಿಲ್ಲ ಎಂದು ಕೇಳೋಣ. ಹಾಗೆ ಕೇಳುವುದು ಬಿಟ್ಟು, ಇರುವ 80ರೊಳಗೆ ನುಗ್ಗಲು ಕಳ್ಳಗಿಂಡಿ ಹುಡುಕುತ್ತಿದ್ದೇವೆ.

"ನಿಮ್ಮ ಮಗ ದಡ ಸೇರಿದ ಮೇಲೆ ಉಪದೇಶವೇ?" ಎಂದು ಕೇಳುವಿರಿ. ಕೇಳಬೇಕಾದದ್ದೇ. ನನ್ನ ಮಗನಿಗೆ ಆ ಶಾಲೆ ಬಹಳ ಕೊಟ್ಟಿತು. ಒಂಬತ್ತನೆಯ ತರಗತಿಯಲ್ಲಿ ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಹೋಗಿ ಬಂದ. ಅಲ್ಲಿನ ಗೆಳೆಯರು ಇಂದಿಗೂ ಫೋನು ಮಾಡುತ್ತಾರೆ. ಕೂಲಿಯವರ ಮಗನ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಮನುಷ್ಯನಾದ. ಆದರೆ ಎರಡು ವರ್ಷದ ಹಿಂದೆ ತನ್ನ ಮಗಳನ್ನು ಶಾಲೆಗೆ ಸೇರಿಸಿ ಬಂದ ದಿನ ಅವನು ಹೇಳಿದ: "ಅಮ್ಮಾ, ಏಳು ವರ್ಷವೂ ಯಾರಾದರೂ ಅಜ್ಜಿ ಊರಿನ ಶಾಲೆ ಬಗ್ಗೆ ಕೇಳಿಬಿಟ್ಟರೆ ಅಂತ ಹೆದರಿಕೊಂಡೇ ಇದ್ದೆ." ಮೈಸೂರುಪಾಕು ಹಂಚಿದವಳಿಗೆ ಅದು ಗೊತ್ತೇ ಇರಲಿಲ್ಲ.

ಆ ಸೊಸೆಯ ಮನೆಗೆ ನಿನ್ನೆ ನಾನೇ ಹೋಗಿದ್ದೆ. ಪುಟ್ಟನಿಗೆ ದಿನವೂ ಸಂಜೆ ಒಂದು ಗಂಟೆ ಲೆಕ್ಕ ಹೇಳಿಕೊಡುತ್ತೇನೆ, ದುಡ್ಡು ಬೇಡ, ಪರೀಕ್ಷೆಯನ್ನು ನಿಮ್ಮ ಮನೆಯ ವಿಳಾಸದಿಂದಲೇ ಬರೆಯಲಿ ಎಂದೆ. "ನೋಡೋಣ ಆಂಟಿ" ಎಂದಳು. ಬರೀ ಹೆಸರು ತಾನೇ ಎಂದಿದ್ದಳಲ್ಲ, ಆ ಬರೀ ಹೆಸರಿನ ಕೆಳಗೆ ಇನ್ನೊಂದು ಮಗುವಿನ ಹೆಸರು ಅಳಿಸಿಹೋಗಿರುತ್ತದೆ ಎಂದು ಹೇಳಿ ಎದ್ದು ಬಂದೆ.