ಗಾಳಿಗೆ ದಾರಿ ಬಿಡಿ

ಕಳೆದ ವರ್ಷ ಫೆಬ್ರವರಿಯ ಕೊನೆಯ ವಾರ. ನಾನಾಗ ಪ್ರಥಮ ಪಿಯುಸಿ. ಕಂಪ್ಯೂಟರ್ ಲ್ಯಾಬಿನಲ್ಲಿ ಮಧ್ಯಾಹ್ನದ ಬ್ಯಾಚಿಗೆ ಪ್ರಾಯೋಗಿಕ ಪರೀಕ್ಷೆ ನಡೆದಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ ಪ್ರೋಗ್ರಾಂ ಬರೆದು ಮುಗಿಸಿದ್ದಳು. ಇನ್ನೇನು ಔಟ್‌ಪುಟ್ ತೋರಿಸಬೇಕು, ಅಷ್ಟರಲ್ಲಿ ಪರದೆ ಕಪ್ಪಾಯಿತು. ಕರೆಂಟ್ ಹೋಗಿರಲಿಲ್ಲ, ತಲೆಯ ಮೇಲಿನ ಫ್ಯಾನ್ ತಿರುಗುತ್ತಲೇ ಇತ್ತು. ಅವಳು ಸೇವ್ ಮಾಡಿರಲಿಲ್ಲ. ಮತ್ತೆ ಆನ್ ಮಾಡಿದರೆ ಐದು ನಿಮಿಷ ನಡೆದು ಮತ್ತೆ ಬಂದ್. ಮೇಡಂ ಅವಳನ್ನು ಬೇರೆ ಕಂಪ್ಯೂಟರಿನ ಮುಂದೆ ಕೂರಿಸಿ ಹೆಚ್ಚಿನ ಸಮಯ ಕೊಟ್ಟರು. ಆದರೂ ಎರಡನೇ ಸಲ ಟೈಪ್ ಮಾಡುವಾಗ ಅವಳ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ.

ಹೊರಗೆ ಬಂದ ಮೇಲೆ ಒಬ್ಬರು ‘ವೈರಸ್ ಇರಬೇಕು’ ಎಂದರು, ಇನ್ನೊಬ್ಬರು ‘ಹಳೇ ಮಷೀನು, ಅಷ್ಟೇ’ ಎಂದರು. ನಾನು ಮಾತ್ರ ಪರೀಕ್ಷೆ ಮುಗಿದ ಕೂಡಲೇ ಬಗ್ಗಿ ಮೇಜಿನ ಕೆಳಗಿನ ಖಾನೆಯೊಳಗೆ ಕೈ ಹಾಕಿದ್ದೆ. ಪೆಟ್ಟಿಗೆ ಒಲೆಯ ಮೇಲಿಂದ ಈಗಷ್ಟೇ ಇಳಿಸಿದ ತವೆಯ ಹಾಗೆ ಕಾದಿತ್ತು. ಹಿಂದೆ ಹಲಗೆ, ಎಡಬಲಕ್ಕೆ ಹಲಗೆ. ಜಾಲರಿಯ ಮೇಲೆ ಬೆರಳು ಎಳೆದರೆ ಉಗುರಿನಷ್ಟು ದಪ್ಪದ ಧೂಳು ಬಂತು.

ಈಗ ನಮ್ಮ ಲ್ಯಾಬಿಗೆ ಎಸಿ ಬೇಕು, ಹೊಸ ಕಂಪ್ಯೂಟರುಗಳು ಬೇಕು ಎಂಬ ಬೇಡಿಕೆ ಎದ್ದಿದೆ. ನಾನು ಅದರ ವಿರೋಧಿಯಲ್ಲ. ಆದರೆ ಬೇಡಿಕೆಯ ಪತ್ರಕ್ಕೆ ಸಹಿ ಹಾಕುವ ಮೊದಲು, ಇರುವ ಪೆಟ್ಟಿಗೆಗಳಿಗೆ ಉಸಿರಾಡಲು ನಾವು ಜಾಗ ಕೊಟ್ಟಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಉತ್ತರ ‘ಇಲ್ಲ’ ಎಂಬುದು ನನ್ನ ಅಭಿಪ್ರಾಯ.

ಮೊದಲು ಒಂದು ಮಾತು. ನಾವೆಲ್ಲ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುತ್ತೇವೆ. ನಿಜವಾದ ಸಿಪಿಯು ಅದರೊಳಗೆ ಕೂತಿರುವ ಬಿಸ್ಕತ್ತಿನಷ್ಟಗಲದ ಒಂದು ಬಿಲ್ಲೆ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ವಿವರದಲ್ಲಿ 65 ವ್ಯಾಟ್ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಹಳೆಯ 60 ವ್ಯಾಟಿನ ಹಳದಿ ಬಲ್ಬನ್ನು ಉರಿಯುವಾಗ ಮುಟ್ಟಿದವರಿಗೆ ಆ ಬಿಸಿ ಎಷ್ಟೆಂದು ಗೊತ್ತು. ಹೆಚ್ಚುಕಡಿಮೆ ಅಷ್ಟೇ ಶಾಖ ಈ ಪುಟ್ಟ ಬಿಲ್ಲೆಯೊಳಗೆ ಹುಟ್ಟುತ್ತದೆ. ಪ್ರೊಸೆಸರ್ ಕುಡಿಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಶಕ್ತಿಸಂರಕ್ಷಣೆಯ ನಿಯಮ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಬಿಲ್ಲೆಯ ಮೇಲಿನ ಲೋಹದ ಹೀಟ್ ಸಿಂಕ್ ಆ ಶಾಖವನ್ನು ತನ್ನ ರೆಕ್ಕೆಗಳಿಗೆ ಹರಡುತ್ತದೆ, ಸಣ್ಣ ಫ್ಯಾನು ಅದನ್ನು ಗಾಳಿಗೆ ಕೊಡುತ್ತದೆ. ಆದರೆ ಆ ಗಾಳಿ ಪೆಟ್ಟಿಗೆಯ ಒಳಗೇ ಉಳಿದರೆ ಏನು ಪ್ರಯೋಜನ?

ಇಲ್ಲಿ ನಮ್ಮ ಭೌತಶಾಸ್ತ್ರ ಕೆಲಸಕ್ಕೆ ಬರುತ್ತದೆ. ಒಂದು ಲೀಟರ್ ಗಾಳಿಯ ತಾಪವನ್ನು 1 ಡಿಗ್ರಿ ಏರಿಸಲು ಒಂದು ಜೂಲಿಗಿಂತ ತುಸು ಹೆಚ್ಚು ಶಾಖ ಸಾಕು. ಇಡೀ ಪೆಟ್ಟಿಗೆ 100 ವ್ಯಾಟ್ ಬಳಸುತ್ತಿದೆ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 100 ಜೂಲ್. ಹಾದುಹೋಗುವ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಸೆಕೆಂಡಿಗೆ ಸುಮಾರು 9 ಲೀಟರ್ ಗಾಳಿ ಒಳಗೆ ಬಂದು ಹೊರಗೆ ಹೋಗಬೇಕು. ಅರ್ಧ ಬಕೆಟ್‌ನಷ್ಟು, ಅಷ್ಟೇ. ಅಂಗೈಯಗಲದ 120 ಮಿಲಿಮೀಟರ್ ಫ್ಯಾನಿಗೆ ಅದು ದೊಡ್ಡ ಕೆಲಸವೇ ಅಲ್ಲ. ಆದರೆ ಧೂಳು ಕಟ್ಟಿ ಗಾಳಿ ಅರ್ಧಕ್ಕಿಳಿದರೆ ಏರಿಕೆ 10 ಅಲ್ಲ, 20 ಡಿಗ್ರಿ. ಹಿಂದಿನ ಹಲಗೆಗೆ ಬಡಿದ ಬಿಸಿಗಾಳಿ ತಿರುಗಿ ಮುಂದಿನಿಂದ ಒಳಗೆ ಹೋದರೆ ಲೆಕ್ಕವೇ ಮುಗಿಯುವುದಿಲ್ಲ. 40 ಡಿಗ್ರಿಯ ಗಾಳಿ 50 ಆಗಿ ಹೊರಬಂದು, ಅದೇ 50 ಮತ್ತೆ ಒಳಹೋಗಿ 60 ಆಗುತ್ತದೆ. ನಮ್ಮ ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ 40 ಎಂಬುದು ಊಹೆಯ ಅಂಕಿಯಲ್ಲ ಎಂದು ನಿಮಗೆ ಹೇಳಬೇಕಾಗಿಲ್ಲ.

ಇಷ್ಟಾದರೂ ಪ್ರೊಸೆಸರ್ ತಕ್ಷಣ ಸುಟ್ಟುಹೋಗುವುದಿಲ್ಲ. ತಾಪ 100 ಡಿಗ್ರಿಯ ಹತ್ತಿರ ಬಂದಾಗ ಅನೇಕ ಪ್ರೊಸೆಸರುಗಳು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಆಗಲೂ ತಣಿಯದಿದ್ದರೆ ಜೀವ ಉಳಿಸಿಕೊಳ್ಳಲು ಯಂತ್ರವೇ ಬಂದ್ ಆಗುತ್ತದೆ. ‘ಮಧ್ಯಾಹ್ನವಾದರೆ ಕಂಪ್ಯೂಟರ್ ಸ್ಲೋ’ ಎಂದು ನಾವು ಬೈಯುವ ಎಷ್ಟೋ ಯಂತ್ರಗಳು ಹಳೆಯವಾಗಿರುವುದಿಲ್ಲ, ಬೆಂದಿರುತ್ತವೆ.

ಇದನ್ನೆಲ್ಲ ನಾನು ಮೊದಲೇ ತಿಳಿದವಳಲ್ಲ. ಮನೆಯಲ್ಲಿ ಭಾಯಿಜಾನ್ ಕೂಡಿಟ್ಟ ಹಣದಲ್ಲಿ ಜೋಡಿಸಿಕೊಂಡ ಕಂಪ್ಯೂಟರ್ ಒಂದಿದೆ. ಮುಂದೆ ಪೂರ್ತಿ ಗಾಜು, ಒಳಗೆ ಬಣ್ಣ ಬದಲಿಸುವ ದೀಪಗಳು. ಬೇಸಿಗೆಯಲ್ಲಿ ಅದು ಭರ್ರೆಂದು ಕಿರುಚುತ್ತಿತ್ತು. ಪರೀಕ್ಷೆಯ ಘಟನೆಯಾದ ಮೇಲೆ ನನಗೆ ಹುಮ್ಮಸ್ಸು ಬಂದು, ಒಂದು ಹೊಸ ಫ್ಯಾನ್ ತಂದು ಹಿಂಬದಿಗೆ ನಾನೇ ಕೂರಿಸಿದೆ. ತಾಪ ಇಳಿಯುವ ಬದಲು ಏರಿತು! ‘ನಿನಗೆ ಯಾರು ಮುಟ್ಟು ಅಂದ್ರು?’ ಎಂದು ಭಾಯಿಜಾನ್ ಗದರಿದ. ನಾನು ಫ್ಯಾನನ್ನು ತಿರುವುಮುರುವಾಗಿ ಹಾಕಿದ್ದೆ. ಅದು ಬಿಸಿಗಾಳಿಯನ್ನು ಹೊರಗೆ ತಳ್ಳುವ ಬದಲು, ಪಕ್ಕದಲ್ಲೇ ಇದ್ದ ಪವರ್ ಸಪ್ಲೈ ಬಿಟ್ಟ ಬಿಸಿಗಾಳಿಯನ್ನು ಒಳಗೆ ಎಳೆಯುತ್ತಿತ್ತು. ಮುಂದಿನ ಫ್ಯಾನೂ ಒಳಗೇ ಎಳೆಯುವುದು. ಎರಡೂ ಗಾಳಿ ಎದುರುಬದುರಾಗಿ ನಿಂತವು, ಹೊರಗೆ ಹೋಗುವ ಬಾಗಿಲೇ ಇರಲಿಲ್ಲ.

ಆಗ ನನಗೆ ನೆನಪಾದದ್ದು ಹಳ್ಳಿಯಲ್ಲಿರುವ ನಾನಿಯ ಮನೆ. ಮಣ್ಣಿನ ಮಾಳಿಗೆಯ ಹಳೇ ಮನೆ, ಅಡುಗೆ ಕೋಣೆಯ ಮೇಲೊಂದು ಬೆಳಕಿಂಡಿ. ಒಲೆ ಹಚ್ಚಿದಾಗ ನಾನಿ ಮೊದಲು ಮಾಡುವ ಕೆಲಸ ಬಾಗಿಲು ತೆರೆಯುವುದು. ಬಾಗಿಲು ಮುಚ್ಚಿದರೆ ಬೆಳಕಿಂಡಿ ತೆರೆದಿದ್ದರೂ ಹೊಗೆ ಕೋಣೆಯಲ್ಲೇ ಸುತ್ತುತ್ತದೆ. ಬಾಗಿಲು ತೆಗೆದರೆ ತಂಪು ಗಾಳಿ ಕೆಳಗಿನಿಂದ ಬಂದು ಹೊಗೆಯನ್ನು ಮೇಲಕ್ಕೆ ಸಾಗಿಸುತ್ತದೆ. ಕಂಪ್ಯೂಟರಿನ ಪೆಟ್ಟಿಗೆಯೂ ಬೇಡುವುದು ಇಷ್ಟನ್ನೇ. ಮುಂದಿನಿಂದ, ಕೆಳಗಿನಿಂದ ತಂಪು ಒಳಗೆ. ಹಿಂದಿನಿಂದ, ಮೇಲಿನಿಂದ ಬಿಸಿ ಹೊರಗೆ. ಮಧ್ಯದಲ್ಲಿ ವೈರುಗಳ ಗೊಂಚಲು ಅಡ್ಡ ಇರಬಾರದು. ಫ್ಯಾನಿನಲ್ಲಿ ಮೋಟರನ್ನು ಹಿಡಿದ ಕಡ್ಡಿಗಳು ಕಾಣುವ ಬದಿಯಿಂದ ಸಾಮಾನ್ಯವಾಗಿ ಗಾಳಿ ಹೊರಬರುತ್ತದೆ. ಅನುಮಾನವಿದ್ದರೆ ಟಿಶ್ಯೂ ಪೇಪರಿನ ಚೂರು ಹಿಡಿದು ನೋಡಿ. ನಾನು ಫ್ಯಾನನ್ನು ತಿರುಗಿಸಿ ಹಾಕಿದೆ, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದೆ. ಕಿರುಚಾಟ ನಿಂತಿತು. ಭಾಯಿಜಾನ್ ಹೊಗಳಲಿಲ್ಲ, ಆದರೆ ಈಗ ಧೂಳು ಒರೆಸಲು ನನ್ನನ್ನೇ ಕರೆಯುತ್ತಾನೆ.

ನಮ್ಮಲ್ಲಿ ಕೆಲವರು ಪಕ್ಕದ ತಗಡನ್ನು ಬಿಚ್ಚಿ ಟೇಬಲ್ ಫ್ಯಾನ್ ಇಡುತ್ತಾರೆ. ತಕ್ಷಣಕ್ಕೆ ತಂಪಾಗುವುದು ನಿಜ. ಆದರೆ ರಸ್ತೆಯ ಧೂಳು, ಬೇಳೆ ಮಿಲ್ಲಿನ ಹೊಟ್ಟು ಎಲ್ಲವೂ ನೇರವಾಗಿ ಒಳಗೆ. ನಾಲ್ಕು ತಿಂಗಳಲ್ಲಿ ಹೀಟ್ ಸಿಂಕಿನ ರೆಕ್ಕೆಗಳ ನಡುವೆ ಕಂಬಳಿ ಬೆಳೆದಿರುತ್ತದೆ. ಇನ್ನು ಕೆಲವರು ಧೂಳಿಗೆ ಹೆದರಿ ಕಂಪ್ಯೂಟರ್ ಚಾಲೂ ಇರುವಾಗಲೂ ಮೇಲಿನ ಹೊದಿಕೆ ತೆಗೆಯುವುದಿಲ್ಲ. ಮೇ ತಿಂಗಳಲ್ಲಿ ರಜಾಯಿ ಹೊದ್ದು ಓಡಿದ ಹಾಗೆ ಅದು.

ಎಸಿಯ ಮಾತಿಗೆ ಬರೋಣ. ಫ್ಯಾನು ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಂಪಾಗಿಸಲು ಅದಕ್ಕೆ ಸಾಧ್ಯವಿಲ್ಲ. 30 ಕಂಪ್ಯೂಟರುಗಳು ತಲಾ 100 ವ್ಯಾಟ್ ಎಂದರೆ 3000 ವ್ಯಾಟ್. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾವಿರ ವ್ಯಾಟಿನ ಮೂರು ಇಸ್ತ್ರಿ ಪೆಟ್ಟಿಗೆ ಹಚ್ಚಿಟ್ಟಂತೆ. ಆದ್ದರಿಂದ ಕೋಣೆ ತಂಪಾಗಿರಬೇಕು ಎಂಬ ಬೇಡಿಕೆಯಲ್ಲಿ ನ್ಯಾಯವಿದೆ. ಆದರೆ ಹಲಗೆಗಳ ನಡುವೆ ತನ್ನದೇ ಬಿಸಿಯುಸಿರನ್ನು ಕುಡಿಯುತ್ತಿರುವ ಪೆಟ್ಟಿಗೆಗೆ ಎಸಿಯ ತಂಪು ತಲುಪುವುದಾದರೂ ಹೇಗೆ? ಧೂಳು ಕಟ್ಟಿದ ಹೊಸ ಕಂಪ್ಯೂಟರ್ ಎರಡು ವರ್ಷದಲ್ಲಿ ಹಳೆಯದರಂತೆಯೇ ನಡೆಯುತ್ತದೆ. ಆಡಳಿತ ಮಂಡಳಿಯ ಹಣ ಎಂದರೆ ನಮ್ಮ ತಂದೆತಾಯಂದಿರ ಫೀಸು, ಊರಿನ ಹಿರಿಯರು ಕೊಟ್ಟ ದೇಣಿಗೆ. ಅದನ್ನು ಕೇಳುವ ಮೊದಲು ನಮ್ಮ ಕೈಯಲ್ಲಿರುವುದನ್ನು ಮಾಡಿ ಮುಗಿಸಿದರೆ ಕೇಳುವ ಬಾಯಿಗೆ ಬಲ ಬರುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಮೇಜುಗಳ ಹಿಂದಿನ ಹಲಗೆಯನ್ನು ತೆಗೆಸೋಣ. ಬಡಗಿಯ ಒಂದು ದಿನದ ಕೆಲಸ. ವರ್ಷಕ್ಕೆ ಎರಡು ಶನಿವಾರ, ಒಂದು ಬೇಸಿಗೆಗೆ ಮುಂಚೆ, ಒಂದು ಕಾಲೇಜು ಶುರುವಾದಾಗ, ಉಪನ್ಯಾಸಕರ ಸಮ್ಮುಖದಲ್ಲಿ ವಿದ್ಯಾರ್ಥಿಗಳೇ ಲ್ಯಾಬಿನ ಪೆಟ್ಟಿಗೆಗಳನ್ನು ಸ್ವಚ್ಛಗೊಳಿಸೋಣ. ವಾರಂಟಿ ಇರುವ ಯಂತ್ರಗಳ ಹೊರಜಾಲರಿ ಮಾತ್ರ ಒರೆಸಿದರೆ ಸಾಕು. ಪ್ಲಗ್ ಕಿತ್ತು, ಬಯಲಿಗೆ ತಂದು, ಕೈಯಿಂದ ಪೆಟ್ಟಿಗೆಯ ಲೋಹ ಮುಟ್ಟಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಮೆತ್ತಗಿನ ಬ್ರಷ್ಷು, ಬ್ಲೋವರ್‌ನಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಬೇಡವೇ ಬೇಡ. ಪವರ್ ಸಪ್ಲೈಯ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು. ಪ್ರತಿ ಯಂತ್ರಕ್ಕೂ ರಿಜಿಸ್ಟರಿನಲ್ಲಿ ಒಂದು ಪುಟ: ಯಾವಾಗ ಸ್ವಚ್ಛವಾಯಿತು, ಆಗ ತಾಪ ಎಷ್ಟಿತ್ತು. ಸ್ವಚ್ಛ ಮಾಡಿಯೂ ಬೇಯುವ ಯಂತ್ರಗಳ ಪಟ್ಟಿ ಕೈಯಲ್ಲಿದ್ದರೆ ಎಸಿಯ ಅರ್ಜಿಗೆ ಅದಕ್ಕಿಂತ ಒಳ್ಳೆಯ ಲಗತ್ತು ಇನ್ನೇನು ಬೇಕು?

‘ಮಕ್ಕಳು ಮುಟ್ಟಿದರೆ ಹಾಳು ಮಾಡುತ್ತಾರೆ’ ಎಂದು ಯಾರಾದರೂ ಹೇಳಬಹುದು. ಸರ್, ಮೇಡಂ, ನಾನೂ ಒಮ್ಮೆ ಹಾಳು ಮಾಡಿದವಳೇ, ಫ್ಯಾನು ತಿರುವುಮುರುವು ಹಾಕಿದವಳೇ. ಆದರೆ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬೇಕೆಂದು ಲೆಕ್ಕ ಹಾಕಲು ನಾನು ಕೂತದ್ದು ಆ ತಪ್ಪಿನ ನಂತರವೇ. ಪುಸ್ತಕದಲ್ಲಿ ವಿಶಿಷ್ಟ ಶಾಖದ ಪಾಠ ಅದಕ್ಕೂ ಮುಂಚೆ ಆಗಿತ್ತು, ಅಂಕವೂ ಬಂದಿತ್ತು; ಅರ್ಥ ಆಗಿರಲಿಲ್ಲ. ಹಾಗೆಯೇ ಈ ಕೆಲಸಕ್ಕೆ ಹುಡುಗರನ್ನಷ್ಟೇ ಕರೆಯಬೇಡಿ. ಸ್ಕ್ರೂ ಡ್ರೈವರ್ ಹಿಡಿಯಲು ಬೇಕಾದದ್ದು ತಾಳ್ಮೆ, ಅದು ನಮ್ಮ ಬೆಂಚುಗಳಲ್ಲೂ ಸಾಕಷ್ಟಿದೆ.

ಈ ಸಲ ದ್ವಿತೀಯ ಪಿಯುಸಿಯ ಪ್ರಾಯೋಗಿಕ ಪರೀಕ್ಷೆಗೆ ನಾನೂ ನನ್ನ ಗೆಳತಿಯೂ ಅದೇ ಲ್ಯಾಬಿನಲ್ಲಿ ಕೂರಲಿದ್ದೇವೆ. ಈಗ ಅವಳು ಎರಡು ಸಾಲಿಗೊಮ್ಮೆ ಸೇವ್ ಮಾಡುತ್ತಾಳೆ. ಒಳ್ಳೆಯ ಅಭ್ಯಾಸವೇ. ಆದರೆ ಅದು ಹೆದರಿಕೆಯಿಂದ ಬಂದ ಅಭ್ಯಾಸ. ಪರೀಕ್ಷೆಗೆ ಇನ್ನೂ ಕೆಲವು ಶನಿವಾರಗಳಿವೆ, ಬ್ರಷ್ಷು ನಾನು ತರುತ್ತೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ