ಕೊಡಿ ಹಬ್ಬದ ಬುಟ್ಟಿ, ಶೂಟಿಂಗಿನ ಬೆಂಕಿ

ಸಿನಿಮಾದವರಿಗೆ ಈಗ ನಮ್ಮೂರಿನ ಹುಚ್ಚು! 2022ರಲ್ಲಿ ಕೆರಾಡಿಯ ರಿಷಬ್ ಶೆಟ್ಟಿ 'ಕಾಂತಾರ' ತೆಗೆದದ್ದೇ ತಡ, ಕುಂದಾಪುರ, ಬೈಂದೂರು, ಬ್ರಹ್ಮಾವರ ಅಂದರೆ ಸಾಕು, ಗಾಂಧಿನಗರದವರ ಕಿವಿ ನಿಮಿರುತ್ತದೆ. ಹೆಂಚಿನ ಮನೆ ಬೇಕು, ಕಂಬಳದ ಗದ್ದೆ ಬೇಕು, ಕುಂದಾಪ್ರ ಕನ್ನಡ ಬೇಕು. ಪಿಯುಸಿ ಅರ್ಧಕ್ಕೆ ಬಿಟ್ಟು ಪತ್ರಿಕೆಗಳಿಗೆ ಬರೆದುಕೊಂಡಿರುವ ನನ್ನಂಥವನೂ ಒಮ್ಮೊಮ್ಮೆ ಬೇಕಾಗುತ್ತಾನೆ!

ಹಾಗೆ ಎರಡು ವರ್ಷದ ಹಿಂದೆ ಒಂದು ಚಿತ್ರದ ಕಲಾ ವಿಭಾಗದಿಂದ ಫೋನ್ ಬಂತು. (ಹೆಸರು ಕೇಳಬೇಡಿ, ಚಿತ್ರ ಇನ್ನೂ ಡಬ್ಬದಲ್ಲಿದೆ.) "ಹಳ್ಳಿ ಮನೆ ಸೆಟ್ಟು. ಇಪ್ಪತ್ತು ಬುಟ್ಟಿ, ನಾಲ್ಕು ಗೊರಬು, ಐದಾರು ಓಲೆ ಚಾಪೆ. ಪ್ಲಾಸ್ಟಿಕ್ ಬೇಡ, ಅಸಲಿ ಮಾಲು. ಬಿಲ್ಲು ನೀವೇ ಬರೆದುಕೊಡಿ" ಅಂದರು.

ಅಸಲಿ ಮಾಲು ಬೇಕಾದರೆ ಜಾತ್ರೆಗೇ ಹೋಗಬೇಕು. ವೃಶ್ಚಿಕ ಮಾಸದ ಹುಣ್ಣಿಮೆ, ಕೋಟೇಶ್ವರದ ಕೊಡಿ ಹಬ್ಬ. ಕೋಟಿಲಿಂಗೇಶ್ವರನ ತೇರು, ಕೆರೆಯ ಸುತ್ತ ಅಕ್ಕಿ ಹಾಕುವವರ ಸಾಲು, ಬೆಂಡು-ಬತ್ತಾಸು, ಮಂಡಕ್ಕಿ, ಬಳೆ ಅಂಗಡಿ… ಹೊಸದಾಗಿ ಮದುವೆಯಾದ ಜೋಡಿಗಳು ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುವುದನ್ನು ನೋಡಬೇಕು, ಯಾವ ಹಾಡಿನ ದೃಶ್ಯವೂ ಅದರ ಮುಂದೆ ಸಪ್ಪೆ!

ರಸ್ತೆಯಂಚಿಗೆ ಬುಟ್ಟಿ ಹರಡಿಕೊಂಡು ಒಬ್ಬರು ಕುಳಿತಿದ್ದರು. ಕೊರಗ ಸಮುದಾಯದವರು. ಕರ್ನಾಟಕದಲ್ಲಿ ಅತಿ ದುರ್ಬಲ ಬುಡಕಟ್ಟು ಎಂದು ಸರ್ಕಾರ ಗುರುತಿಸಿರುವುದು ಎರಡನ್ನೇ: ಜೇನುಕುರುಬರು ಮತ್ತು ಕೊರಗರು. ಕಾಡುಬಳ್ಳಿಯ ಬುಟ್ಟಿ ಹೆಣೆಯುವುದರಲ್ಲಿ ಕೊರಗರನ್ನು ಮೀರಿಸುವವರಿಲ್ಲ.

"ಒಂದಕ್ಕೆ ಇನ್ನೂರೈವತ್ತು" ಅಂದರು. ನಾನು ನೂರೈವತ್ತು ಅಂದೆ.

"ಬಳ್ಳಿ ತಪ್ಪುಕೇ ಒಂದ್ ದಿನ ಬೇಕ್ ಅಣ್ಣಾ, ಹೆಣೂಕೆ ಇನ್ನೊಂದ್ ದಿನ."

ನನ್ನ ಅಮ್ಮನಷ್ಟು ವಯಸ್ಸಿನವರು ನನ್ನನ್ನು ಅಣ್ಣ ಅಂದರು. ನಾನು ಕರಗಲಿಲ್ಲ. ಕತ್ತಲಾಗುವವರೆಗೆ ಕಾದು ನೂರರವತ್ತಕ್ಕೆ ಇಳಿಸಿದೆ. ಇಪ್ಪತ್ತು ಬುಟ್ಟಿಗೆ 3200 ರೂಪಾಯಿ. ಕಂಪನಿಗೆ ಬರೆದ ಬಿಲ್ಲು? ಆರು ಸಾವಿರ! "ಪಿಚ್ಚರಿಗೆ" ಅಂದಾಗ ಆಕೆಯ ಮುಖ ಅರಳಿದ್ದನ್ನು ನೋಡಿ, ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಬೈಂದೂರಿನ ಕಡೆ ಚಿತ್ರೀಕರಣ. ದೃಶ್ಯ ಏನು ಗೊತ್ತೇ? ಖಳನಾಯಕನ ಕಡೆಯವರು ಬಡವನ ಮನೆಗೆ ಬೆಂಕಿ ಇಡುವುದು! ಉರಿ ಚೆನ್ನಾಗಿ ಬರಲಿ ಎಂದು ಬುಟ್ಟಿಗಳನ್ನೆಲ್ಲ ಅಂಗಳದಲ್ಲೇ ರಾಶಿ ಹಾಕಿದರು. ಒಂದೊಂದಕ್ಕೆ ಎರಡು ದಿನದಂತೆ ನಲವತ್ತು ದಿನದ ದುಡಿಮೆ, ನಾಲ್ಕೇ ನಿಮಿಷ. "ಟೇಕ್ ಓಕೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಸ್ವಾಮಿ, ಸುಳ್ಳು ಯಾಕೆ ಹೇಳಲಿ?

ಮರುವರ್ಷ ಅದೇ ಹಬ್ಬ, ಅದೇ ಜಾಗ. ಪಕ್ಕದಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಬುಟ್ಟಿಗಳ ಗುಡ್ಡ. ಈಕೆಯ ಮುಂದೆ ಮೂರೇ ಬುಟ್ಟಿ. ಗುರುತು ಹಿಡಿದರು.

"ಪಿಚ್ಚರ್ ಬಂತಾ ಅಣ್ಣಾ? ಮೊಮ್ಮಗಳ್ ಕಾಂಬುಕೆ ಕಾಯ್ತಾ ಇತ್ತ್."

ಏನು ಹೇಳಲಿ? ಮೂರನ್ನೂ ಹೇಳಿದ ಬೆಲೆಗೇ ತೆಗೆದುಕೊಂಡೆ. ಹಿಂದಿನ ಸಲ ಚೌಕಾಸಿಯಲ್ಲಿ ಕಿತ್ತುಕೊಂಡಿದ್ದ 1800 ರೂಪಾಯಿ ಸೇರಿಸಿ ಕೈಗಿಟ್ಟೆ. ಎಣಿಸಿದರು. ಏಳುನೂರೈವತ್ತು ಇಟ್ಟುಕೊಂಡು ಉಳಿದದ್ದನ್ನು ವಾಪಸು ಚಾಚಿ, "ಮೂರ್ ಬುಟ್ಟಿಗೆ ಇಷ್ಟೇ" ಅಂದರು. ಸುಟ್ಟ ವಿಷಯ ಹೇಳಲು ಬಾಯಿ ಬರಲಿಲ್ಲ.

ಮಿತ್ರರೆ, ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯಲ್ಲಿ ಜಾತ್ರೆ, ಹೆಮ್ಮಾಡಿ ಸೇವಂತಿಗೆಯ ರಾಶಿ ನೋಡಲೇಬೇಕು. ಕುಂಭ ಸಂಕ್ರಮಣಕ್ಕೆ ಬ್ರಹ್ಮಾವರ ತಾಲೂಕಿನ ಮಂದಾರ್ತಿಯಲ್ಲಿ ಜಾತ್ರೆ. ಹೋಗಿ. ಬತ್ತಾಸು ತಿನ್ನಿ, ಕಬ್ಬು ಜಗಿಯಿರಿ. ಗೆರಸೆಯೋ ಬುಟ್ಟಿಯೋ ಕಂಡರೆ ಹೇಳಿದ ದುಡ್ಡು ಕೊಟ್ಟು ತನ್ನಿ. ನೂರು ರೂಪಾಯಿ ಉಳಿಸಿದ ಜಂಬ ಬಸ್ಸು ಹತ್ತುವವರೆಗೂ ಇರುವುದಿಲ್ಲ.

ಸಿನಿಮಾ ಬಗ್ಗೆ ಬರೆದು ಹೊಟ್ಟೆ ಹೊರೆಯುವವನು ನಾನು. ಯಾವ ಚಿತ್ರವೂ ಡಬ್ಬದಲ್ಲೇ ಉಳಿಯಲಿ ಎಂದು ಬಯಸಿದವನಲ್ಲ. ಇದೊಂದು ಚಿತ್ರ ಮಾತ್ರ, ಆ ಮೊಮ್ಮಗಳ ಊರಿನ ಹತ್ತಿರದ ಟಾಕೀಸಿಗೆ ಬಾರದಿರಲಿ.