ಸಕ್ಕರೆ ಬೇಡದ ಸಾಸು

ಜುಲೈ ತಿಂಗಳ 4ನೆಯ ತಾರೀಖು ಅಮೆರಿಕನರಿಗೆ ಸ್ವಾತಂತ್ರ್ಯೋತ್ಸವದ ದಿನ. ಧ್ವಜ, ಮೆರವಣಿಗೆ, ರಾತ್ರಿಯ ಬಾಣಬಿರುಸು ಇವೆಲ್ಲವೂ ಉಂಟಾದರೂ ಆ ದಿನದ ನಿಜವಾದ ಗುರುತೆಂದರೆ ಮನೆಮನೆಯ ಹಿತ್ತಲಿನಿಂದ ಏಳುವ ಹೊಗೆ. ಕಬ್ಬಿಣದ ಒಲೆಯಲ್ಲಿ ಕೆಂಡವನ್ನು ಹರಡಿ, ಮೇಲಿನ ಸರಳುಗಳ ಮೇಲೆ ಮಾಂಸವನ್ನಿಟ್ಟು, ಮುಚ್ಚಳ ಮುಚ್ಚಿ, ಮಂದವಾದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಈ ಪದ್ಧತಿಗೆ ಬಾರ್ಬಿಕ್ಯೂ ಎಂದು ಹೆಸರು. ಕೆರಿಬಿಯನ್ ದ್ವೀಪಗಳ ತೈನೋ ಜನರ ಮಾತೊಂದು ಸ್ಪೇನ್ ದೇಶದವರ ಬಾಯಲ್ಲಿ 'ಬಾರ್ಬಕೋವಾ' ಆಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಈ ರೂಪವನ್ನು ತಾಳಿತು. ಮಾಂಸ ಬೆಂದು ತಟ್ಟೆಗೆ ಬರುವಾಗ ಅದರ ಜೊತೆಯಲ್ಲಿ ಬರುವುದು ಕೆಂಪುಗಪ್ಪು ಬಣ್ಣದ, ಗಟ್ಟಿಯಾದ, ಹುಳಿ ಖಾರ ಸಿಹಿಗಳು ಬೆರೆತ ಒಂದು ಸಾಸು.

ಆ ಪಂಕ್ತಿಯಲ್ಲಿ ಮಧುಮೇಹವುಳ್ಳವರೂ ಕುಳಿತಿರುತ್ತಾರೆ. ಅಮೆರಿಕ ಸರ್ಕಾರದ ರೋಗನಿಯಂತ್ರಣ ಕೇಂದ್ರದ ಲೆಕ್ಕದಂತೆ 2021ರಲ್ಲಿ ಆ ದೇಶದ ಮಧುಮೇಹಿಗಳು ಸುಮಾರು 3 ಕೋಟಿ 80 ಲಕ್ಷ. ಎಂದರೆ ಪ್ರತಿ ಎಂಟೊಂಬತ್ತು ಮಂದಿಗೆ ಒಬ್ಬರು. ಅವರು ಶರಬತ್ತನ್ನು ದೂರವಿಡುತ್ತಾರೆ, ಹಣ್ಣಿನ ಸಿಹಿ ಕಡುಬನ್ನು ಮುಟ್ಟುವುದಿಲ್ಲ, ಬ್ರೆಡ್ಡನ್ನೂ ಎಣಿಸಿ ತಿನ್ನುತ್ತಾರೆ. ಆದರೆ ಸಾಸಿನ ವಿಷಯದಲ್ಲಿ ಮಾತ್ರ, ನಂಜಿಕೊಳ್ಳುವುದಕ್ಕೆ ತಾನೆ ಎಂಬ ಒಂದು ಅಸಡ್ಡೆ. ಮಾಂಸದಲ್ಲಿ ಸಕ್ಕರೆಯಿಲ್ಲವೆಂಬುದು ನಿಜ. ಅಂಗಡಿಯಲ್ಲಿ ದೊರೆಯುವ ಸಿಹಿ ಬಗೆಯ ಬಾರ್ಬಿಕ್ಯೂ ಸಾಸಿನ ಎರಡು ದೊಡ್ಡ ಚಮಚದಲ್ಲಿ ಮಾತ್ರ 12ರಿಂದ 16 ಗ್ರಾಂ ಸಕ್ಕರೆ ಅಡಗಿರುತ್ತದೆ. ಮೂರು ನಾಲ್ಕು ಟೀ ಚಮಚ ಸಕ್ಕರೆ ಎಂದಾಯಿತು. ಅಮೆರಿಕದ ಹೃದ್ರೋಗ ಸಂಘವು ಹೆಂಗಸರಿಗೆ ದಿನಕ್ಕೆ 25 ಗ್ರಾಂ, ಗಂಡಸರಿಗೆ 36 ಗ್ರಾಂ ಮೀರಿ ಸಕ್ಕರೆ ಸೇರಿಸಿದ ಆಹಾರ ಬೇಡವೆನ್ನುತ್ತದೆ. ಎರಡು ಚಮಚಕ್ಕೇ ಅರ್ಧ ಪಾಲು ತೀರಿತು. ಎರಡೇ ಚಮಚಕ್ಕೆ ಕೈ ನಿಲ್ಲಿಸುವವರು ಎಷ್ಟು ಮಂದಿ?

ಸಾಸು ಇಷ್ಟು ಸಿಹಿಯಾದದ್ದು ಬಹಳ ಹಿಂದಿನ ಮಾತೇನೂ ಅಲ್ಲ. ಮಿಸೂರಿ ಸಂಸ್ಥಾನದ ಕ್ಯಾನ್ಸಸ್ ಸಿಟಿಯಲ್ಲಿ ಟೊಮೆಟೋ ಮತ್ತು ಕಾಕಂಬಿಯನ್ನು ಬೆರೆಸಿ ಗಟ್ಟಿಯಾದ ಸಿಹಿ ಸಾಸನ್ನು ಮಾಡುವ ರೂಢಿಯಿತ್ತು. ಕಾಕಂಬಿಯೆಂದರೆ ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಆ ಊರಿನ ರಿಚ್ ಡೇವಿಸ್ ಎಂಬ ವೈದ್ಯರು, ಅದೂ ಮಕ್ಕಳ ಮನೋವೈದ್ಯರು, 1970ರ ದಶಕದ ಕೊನೆಯಲ್ಲಿ ಈ ಬಗೆಯದೇ ಒಂದು ಸಾಸನ್ನು ಸೀಸೆಯಲ್ಲಿ ತುಂಬಿ ಮಾರತೊಡಗಿದರು. 1986ರಲ್ಲಿ ಅದು ದೊಡ್ಡ ಕಂಪನಿಯ ಕೈಸೇರಿ ದೇಶದ ಮೂಲೆಮೂಲೆಗೆ ಹಬ್ಬಿತು. ಬಾರ್ಬಿಕ್ಯೂ ಸಾಸು ಎಂದೊಡನೆ ಇಂದು ಜಗತ್ತಿನ ಬಹುಜನರ ಕಣ್ಣ ಮುಂದೆ ನಿಲ್ಲುವುದು ಈ ಬಗೆಯ ಸಾಸೇ. ಇತರ ಬಗೆಗಳೂ ಇವೆಯೆಂಬುದೇ ಮರೆತುಹೋದಂತಾಗಿದೆ.

ಹಾಗಾದರೆ ಸಕ್ಕರೆಯನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹಾಕಿ ಕುದಿಸಿದರಾಯಿತಲ್ಲ ಎಂದು ಕೇಳಬಹುದು. ಹಾಗೆ ಮಾಡಿ ನೋಡಿದ ಗೃಹಿಣಿಯರು ಉಂಟು. ಕೈಗೆ ಬಂದದ್ದು ನೀರಾದ, ಮೂಗಿಗೆ ಅಡರುವಷ್ಟು ಹುಳಿಯಾದ ಕೆಂಪು ದ್ರವ. ಬೆಲ್ಲ ಹಾಕುವುದನ್ನು ಮರೆತ ಗೊಜ್ಜಿನ ರುಚಿ ಕನ್ನಡ ನಾಡಿನ ಮನೆಗಳಲ್ಲಿ ಯಾರಿಗೆ ತಿಳಿಯದು? ಹುಳಿಯೂ ಖಾರವೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಲ್ಲುತ್ತವೆ. ಸಾಸಿನ ಕಷ್ಟ ಅದಕ್ಕಿಂತಲೂ ಒಂದು ಕೈ ಹೆಚ್ಚು. ಅಲ್ಲಿ ಸಕ್ಕರೆ ಒಂದೇ ಕೆಲಸದ ಆಳಲ್ಲ. ಹುಳಿಯನ್ನು ಹದಗೊಳಿಸುವುದು ಅದೇ. ಪಾಕವಾಗಿ ಸಾಸನ್ನು ಗಟ್ಟಿಗೊಳಿಸಿ ಮಾಂಸಕ್ಕೆ ಅಂಟುವಂತೆ ಮಾಡುವುದೂ ಅದೇ. ಬೆಂಕಿಯ ಕಾವಿಗೆ ಕಂದಿ ಹೊಳಪನ್ನೂ ಕಮ್ಮನೆಯ ವಾಸನೆಯನ್ನೂ ಕೊಡುವುದೂ ಅದೇ. ಸೀಸೆಯಲ್ಲಿ ಬೂಷ್ಟು ಹಿಡಿಯದಂತೆ ತಡೆಯುವುದರಲ್ಲಿಯೂ ಅದರ ಪಾಲುಂಟು. ಇಂಥ ಆಳನ್ನು ಬಿಡಿಸಿದ ಮೇಲೆ ಅವನ ಜಾಗಕ್ಕೆ ಒಬ್ಬನನ್ನೇ ಹುಡುಕುವುದು ವ್ಯರ್ಥ. ಒಂದೊಂದು ಕೆಲಸಕ್ಕೂ ಒಬ್ಬೊಬ್ಬನನ್ನು ನೇಮಿಸಬೇಕಾಗುತ್ತದೆ.

ಸಿಹಿಯೊಂದನ್ನೇ ತೆಗೆದುಕೊಂಡರೆ ಬದಲಿ ಪದಾರ್ಥಗಳಿಗೆ ಕೊರತೆಯಿಲ್ಲ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಕಂಡುಬಂದ ಸ್ಯಾಕರಿನ್ ಇವುಗಳಲ್ಲಿ ಹಿರಿಯಕ್ಕ. ನುಂಗಿದ ಮೇಲೆ ನಾಲಗೆಯ ಹಿಂಬದಿಯಲ್ಲಿ ಕಹಿ ಉಳಿಸಿಹೋಗುವುದು ಅವಳ ಸ್ವಭಾವ. ಆಸ್ಪರ್ಟೇಮ್ ಬಹಳ ಹೊತ್ತಿನ ಶಾಖವನ್ನು ತಾಳದೆ ಒಡೆದು ತನ್ನ ಸಿಹಿಯನ್ನು ಕಳೆದುಕೊಳ್ಳುವುದರಿಂದ ಒಲೆಯ ಹತ್ತಿರ ಅದಕ್ಕೆ ಕೆಲಸವಿಲ್ಲ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಬೇಯಿಸಿದರೂ ಸಿಹಿ ಕುಂದದು. ಅಂಗಡಿಯ ಸಕ್ಕರೆರಹಿತ ಸಾಸುಗಳಲ್ಲಿ ಬಹಳಷ್ಟು ಇದನ್ನೇ ನೆಚ್ಚಿಕೊಂಡಿವೆ. ಆದರೆ ಚಿಟಿಕೆಯಷ್ಟೇ ಬೀಳುವ ಈ ಪದಾರ್ಥದಿಂದ ಸಾಸು ಗಟ್ಟಿಯಾಗುವುದಾಗಲಿ ಹೊಳೆಯುವುದಾಗಲಿ ಸಾಧ್ಯವೆ? ಎರಿತ್ರಿಟಾಲ್ ಎಂಬುದಕ್ಕೆ ತಕ್ಕಮಟ್ಟಿನ ಗಾತ್ರವುಂಟು, ಸಿಹಿಯೂ ಸಕ್ಕರೆಯ ಮುಕ್ಕಾಲಿಗೆ ತುಸು ಕಡಿಮೆ. ಬಾಯಲ್ಲಿಟ್ಟರೆ ಪುದೀನದಂಥ ತಣುಪು; ಸಾಸು ಆರಿದ ಮೇಲೆ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಬಿಸಿಯಾಗಿರುವಾಗ ಮೆಚ್ಚಿದವರು ಮರುದಿನ ಮುಖ ಸಿಂಡರಿಸುವುದು ಈ ಕಾರಣದಿಂದಲೇ.

ಈ ಗುಂಪಿನಲ್ಲಿ ಸಾಸಿಗೆ ಹೆಚ್ಚು ಒಪ್ಪುವುದು ಆಲ್ಯುಲೋಸ್. ಅಂಜೂರ, ಒಣದ್ರಾಕ್ಷಿಗಳಲ್ಲಿ ಅತಿ ಸ್ವಲ್ಪವಾಗಿ ತಾನಾಗಿಯೇ ಇರುವ ಒಂದು ಸಕ್ಕರೆ ಇದು. ಸಿಹಿ ಸಕ್ಕರೆಯ ಸುಮಾರು ಶೇಕಡ 70ರಷ್ಟು. ದೇಹವು ಇದನ್ನು ಬಹುಮಟ್ಟಿಗೆ ಬಳಸಿಕೊಳ್ಳದೆ ಹೊರಹಾಕುವುದರಿಂದ ರಕ್ತದ ಸಕ್ಕರೆ ಏರುವುದಿಲ್ಲವೆನ್ನಬಹುದು. ಆದಕಾರಣ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2019ರಲ್ಲಿ ಇದನ್ನು ಚೀಟಿಯ ಸಕ್ಕರೆಯ ಲೆಕ್ಕದಿಂದ ಬಿಡಬಹುದೆಂದು ತಿಳಿಸಿತು. ಇದು ಕರಗಿ ಪಾಕದ ಹೊಳಪು ಕೊಡುತ್ತದೆ, ಹರಳುಗಟ್ಟುವ ಚಾಳಿ ಕಡಿಮೆ, ಕಾವಿಗೆ ಸಕ್ಕರೆಗಿಂತಲೂ ಬೇಗ ಕಂದುತ್ತದೆ. ಬೇಗ ಕಂದುವುದು ಬೇಗ ಸೀಯುವುದೂ ಹೌದಾದ್ದರಿಂದ ಇಂಥ ಸಾಸನ್ನು ಬೇಯುವುದಕ್ಕೆ ಮೊದಲೇ ಬಳಿಯದೆ ಕೊನೆಯ ಹದಿನೈದು ನಿಮಿಷದಲ್ಲಿ ಬಳಿಯಬೇಕು. ಅತಿಯಾಗಿ ತಿಂದರೆ ಹೊಟ್ಟೆ ಕೆಡುವುದೂ ಉಂಟು.

ಇಷ್ಟರಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ಬಿಳಿ ಸಕ್ಕರೆಯ ಬದಲಿಗೆ ಜೇನುತುಪ್ಪವನ್ನೋ ಬೆಲ್ಲವನ್ನೋ ಹಾಕಿ, ಇದು ಸಕ್ಕರೆಯಿಲ್ಲದ್ದು ಎಂದು ಮನೆಯ ಹಿರಿಯರಿಗೆ ಬಡಿಸುವವರಿದ್ದಾರೆ. ಪ್ರೀತಿಯಿಂದಲೇ ಬಡಿಸುತ್ತಾರೆ. ರಕ್ತಕ್ಕೆ ಈ ಭೇದ ತಿಳಿಯದು. ಸೀಸೆಯ ಚೀಟಿಯಲ್ಲಿಯೂ ಇದೇ ಆಟ: ಡೆಕ್ಸ್ಟ್ರೋಸ್, ಜೋಳದ ಪಾಕ, ಗಟ್ಟಿಗೊಳಿಸಿದ ಹಣ್ಣಿನ ರಸ ಎಂದು ಹೆಸರು ಬದಲಿಸಿಕೊಂಡು ಬರುವುದು ಸಕ್ಕರೆಯೇ. ಮಾಲ್ಟೋಡೆಕ್ಸ್ಟ್ರಿನ್ ಹೆಸರಿಗೆ ಸಕ್ಕರೆಯಲ್ಲ, ಪಿಷ್ಟದ ಪುಡಿ. ರಕ್ತದಲ್ಲಿ ಗ್ಲೂಕೋಸನ್ನು ಏರಿಸುವುದರಲ್ಲಿ ಸಕ್ಕರೆಗೆ ಸೋಲುವುದಿಲ್ಲ. ಅಮೆರಿಕದ ಕಾನೂನಿನಲ್ಲಿ 'ಸಕ್ಕರೆರಹಿತ' ಎಂದರೆ ಒಂದು ಬಡಿಕೆಗೆ ಅರ್ಧ ಗ್ರಾಮಿಗಿಂತ ಕಡಿಮೆ ಎಂದರ್ಥ. 'ಸಕ್ಕರೆ ಸೇರಿಸಿಲ್ಲ' ಎಂಬುದು ಬೇರೆಯೇ ಮಾತು, ಅಲ್ಲಿ ಟೊಮೆಟೋವಿನ ಸ್ವಂತ ಸಕ್ಕರೆ ಎಷ್ಟಾದರೂ ಇರಬಹುದು. ಸೇರಿಸಿದ ಸಕ್ಕರೆ ಎಷ್ಟೆಂದು ಚೀಟಿಯಲ್ಲಿ ಬೇರೆಯಾಗಿ ಕಾಣಿಸಬೇಕೆಂಬ ನಿಯಮ 2016ರಲ್ಲಿ ಹುಟ್ಟಿ, ದೊಡ್ಡ ತಯಾರಕರಿಗೆ 2020ರ ಜನವರಿಯಿಂದ ಅನ್ವಯವಾಯಿತು. ಆ ಒಂದು ಸಾಲನ್ನು ಓದುವ ಅಭ್ಯಾಸವಿಟ್ಟುಕೊಂಡರೆ ಸೀಸೆಯ ಮುಂಬದಿಯ ದೊಡ್ಡಕ್ಷರಗಳನ್ನು ಓದಬೇಕಾದುದೇ ಇಲ್ಲ.

ಇದೆಲ್ಲ ಕ್ಯಾನ್ಸಸ್ ಸಿಟಿಯ ಸಿಹಿ ಸಾಸನ್ನೇ ಅನುಕರಿಸಬೇಕೆಂಬ ಹಟದಿಂದ ಬಂದ ತೊಡಕು. ನಾರ್ತ್ ಕ್ಯಾರೊಲಿನ ಸಂಸ್ಥಾನದ ಪೂರ್ವಭಾಗಕ್ಕೆ ಹೋದವರಿಗೆ ಬೇರೆಯದೇ ನೋಟ ಕಾಣುತ್ತದೆ. ಇಡೀ ಹಂದಿಯನ್ನು ಕಟ್ಟಿಗೆಯ ಕೆಂಡದ ಮೇಲೆ ಬೇಯಿಸಿ, ಮಾಂಸವನ್ನು ಕೊಚ್ಚಿ, ಅದರ ಮೇಲೆ ಚಿಮುಕಿಸುವುದು ವಿನಿಗರ್, ಉಪ್ಪು, ಒಣಮೆಣಸಿನಕಾಯಿ, ಕರಿಮೆಣಸು ಇಷ್ಟೇ ಸೇರಿದ ತಿಳಿಯಾದ ಹುಳಿ. ಟೊಮೆಟೋ ಇಲ್ಲ, ಕಾಕಂಬಿಯಿಲ್ಲ. ಅಲ್ಲಿನ ಗೋಲ್ಡ್ಸ್‌ಬರೋ ಊರಿನಲ್ಲಿ ಆಡಂ ಸ್ಕಾಟ್ ಎಂಬ ಕರಿಯ ಜನಾಂಗದ ಪಾದ್ರಿಯೊಬ್ಬರು 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಇಂಥ ಸಾಸಿಗೆ ಹೆಸರಾದರು. ಅದರ ಪಾಕಕ್ರಮ ಅವರಿಗೆ ಕನಸಿನಲ್ಲಿ ದೊರೆಯಿತೆಂದು ಪ್ರತೀತಿ. ಕೊಬ್ಬಿನ ಮಾಂಸಕ್ಕೆ ಬೇಕಾದುದು ಹುಳಿಯೇ ಹೊರತು ಸಿಹಿಯಲ್ಲವೆಂಬುದನ್ನು ಆ ಸೀಮೆಯ ಜನ ಎಂದೋ ಕಂಡುಕೊಂಡಿದ್ದರು. ಅಲಬಾಮದ ಡಿಕೇಟರ್ ಊರಿನಲ್ಲಿ ಬಿಗ್ ಬಾಬ್ ಗಿಬ್ಸನ್ 1925ರಲ್ಲಿ ಆರಂಭಿಸಿದ ಅಂಗಡಿಯ ಬಿಳಿ ಸಾಸು ಮತ್ತೊಂದು ಬಗೆ; ಮೊಟ್ಟೆ ಮತ್ತು ಎಣ್ಣೆಯ ಮೇಯನೇಸಿಗೆ ವಿನಿಗರನ್ನೂ ಕರಿಮೆಣಸನ್ನೂ ಕದಡಿದ ಆ ಸಾಸಿನ ರುಚಿಯೂ ಸಿಹಿಯನ್ನು ನೆಚ್ಚಿದ್ದಲ್ಲ, ಕೋಳಿಮಾಂಸಕ್ಕೆ ಬಲು ಚೆನ್ನ. ಟೆಕ್ಸಸ್ಸಿನ ಲಾಕ್‌ಹಾರ್ಟ್‌ನ ಕ್ರೈಟ್ಸ್ ಮಾರ್ಕೆಟ್ಟಿನವರಂತೂ ಬಹುಕಾಲ ಸಾಸನ್ನೇ ಇಡದೆ, ಮಾಂಸ ಚೆನ್ನಾಗಿದ್ದರೆ ಮೇಲೊಂದು ಮುಸುಕೇಕೆ ಎಂಬ ಗತ್ತಿನಿಂದ ವ್ಯಾಪಾರ ನಡೆಸಿದರು!

ಮಧುಮೇಹವುಳ್ಳವರ ತಟ್ಟೆಗೆ ಮೊದಲು ಬರಬೇಕಾದುದು ಈ ಕ್ಯಾರೊಲಿನದ ಹುಳಿ. ಏನನ್ನೂ ತೆಗೆದುಹಾಕಿ ಮಾಡಿದ್ದಲ್ಲ, ಆದ್ದರಿಂದ ಏನೋ ಕಡಿಮೆಯಾಯಿತೆಂಬ ಕೊರಗೂ ಇಲ್ಲ. ಎರಡು ಬಟ್ಟಲು ಸೇಬಿನ ವಿನಿಗರಿಗೆ ಒಂದು ದೊಡ್ಡ ಚಮಚ ತರಿಯಾಗಿ ಕುಟ್ಟಿದ ಒಣಮೆಣಸಿನಕಾಯಿ, ಎರಡು ಟೀ ಚಮಚ ಕರಿಮೆಣಸಿನ ತರಿ, ಒಂದು ದೊಡ್ಡ ಚಮಚಕ್ಕೆ ತುಸು ಕಡಿಮೆ ಉಪ್ಪು ಹಾಕಿ, ಬೆಚ್ಚಗೆ ಮಾಡಿ ಉಪ್ಪು ಕರಗಿದ ಮೇಲೆ ಸೀಸೆಗೆ ತುಂಬಿದರೆ ಮುಗಿಯಿತು. ಮೆಣಸಿನ ಸಾರ ಇಳಿಯಲು ಒಂದು ದಿನ ಬಿಡಬೇಕು.

ಮಕ್ಕಳು ಕೆಂಪು ಸಾಸೇ ಬೇಕೆಂದು ಹಟ ಹಿಡಿಯುವ ಮನೆಗಳಿಗೆ ಎರಡನೆಯ ಕ್ರಮ. ಕೆಚಪ್ಪಿನಿಂದ ಆರಂಭಿಸಕೂಡದು, ಅದರ ನೂರು ಗ್ರಾಮಿನಲ್ಲಿ 20 ಗ್ರಾಮಿಗೂ ಹೆಚ್ಚು ಸಕ್ಕರೆಯಿರುವುದು ಸಾಮಾನ್ಯ. ಅಮೆರಿಕದ ಅಂಗಡಿಗಳಲ್ಲಿ 170 ಗ್ರಾಮಿನ ಸಣ್ಣ ಡಬ್ಬಿಯಲ್ಲಿ ದೊರೆಯುವ ಗಟ್ಟಿ ಟೊಮೆಟೋ ಪೇಸ್ಟನ್ನು, ಬೇರೇನೂ ಬೆರೆಸಿಲ್ಲವೆಂದು ನೋಡಿ ತರಬೇಕು. ಒಂದು ಚಮಚ ಎಣ್ಣೆಯಲ್ಲಿ ಅದನ್ನು ಮೊದಲು ಇಟ್ಟಿಗೆ ಬಣ್ಣ ಬರುವತನಕ ಬಾಡಿಸಬೇಕು. ಕಾಕಂಬಿಯ ಜಾಗವನ್ನು ತುಂಬುವ ಗುಟ್ಟಿನಲ್ಲಿ ಅರ್ಧ ಈ ಬಾಡಿಸುವುದರಲ್ಲಿಯೇ ಇದೆ. ಉಳಿದರ್ಧ ಎರಡು ದೊಡ್ಡ ಚಮಚ ಗಟ್ಟಿ ಕಾಫಿ ಡಿಕಾಕ್ಷನ್ನಿನಲ್ಲಿ. ಅಮೆರಿಕದ ಅಡಿಗೆಯವರೂ ಸಾಸಿಗೆ ಕಾಫಿ ಹಾಕುವುದುಂಟು. ಕಾಕಂಬಿಯ ಆ ಕಪ್ಪು ಕಹಿ ಅದರಿಂದ ಬರುತ್ತದೆ. ಬಳಿಕ ಒಂದು ಬಟ್ಟಲು ನೀರು, ಅರ್ಧ ಬಟ್ಟಲು ವಿನಿಗರ್, ಎರಡು ಟೀ ಚಮಚ ಸಾಸಿವೆ ಪುಡಿ, ಅಷ್ಟೇ ಹೊಗೆಯಾಡಿಸಿದ ಕೆಂಪು ಮೆಣಸಿನ ಪುಡಿ, ಒಂದೊಂದು ಟೀ ಚಮಚ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಉಪ್ಪು, ಕರಿಮೆಣಸು, ನಾಲ್ಕು ದೊಡ್ಡ ಚಮಚ ಆಲ್ಯುಲೋಸ್. ಅಲ್ಲಿನವರು ಇದಕ್ಕೆ ವೂಸ್ಟರ್ ಸಾಸನ್ನೂ ಸುರಿಯುತ್ತಾರೆ. 1837ರಿಂದ ಇಂಗ್ಲೆಂಡಿನ ವೂಸ್ಟರ್ ಪಟ್ಟಣದಿಂದ ಮಾರಾಟಕ್ಕೆ ಬಂದ ಆ ಸಾಸಿನಲ್ಲಿ ಸಕ್ಕರೆ, ಕಾಕಂಬಿಗಳ ಜೊತೆಗೆ ಸಣ್ಣ ಮೀನೂ ಇರುವುದನ್ನು ಸಸ್ಯಾಹಾರಿಗಳು ತಿಳಿದಿರಬೇಕು. ಅದರ ಜೀವಾಳ ಮಾತ್ರ ಹುಣಿಸೆಹಣ್ಣು! ಸೀಸೆಯನ್ನು ಬಿಟ್ಟು ಒಂದು ಟೀ ಚಮಚ ಗಟ್ಟಿ ಹುಣಿಸೆ ರಸವನ್ನೇ ಹಾಕಿದರೆ ಕೆಲಸ ನಡೆಯುತ್ತದೆ. ಹುಣಿಸೆಯಲ್ಲಿಯೂ ಸಕ್ಕರೆ ಇಲ್ಲದಿಲ್ಲ, ಆದ್ದರಿಂದ ಅಳತೆ ಮೀರಬಾರದು.

ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿದರೆ ಸುಮಾರು ನಾಲ್ಕುನೂರು ಮಿಲಿಲೀಟರ್ ಸಾಸು ಉಳಿಯುತ್ತದೆ. ನೀರಾಗಿ ಕಂಡರೆ ಕಾಲು ಟೀ ಚಮಚ ಜಾಂಥನ್ ಗೋಂದಿನ ಪುಡಿಯನ್ನು ಎಣ್ಣೆಯಲ್ಲಿ ಕಲೆಸಿ ಹಾಕಿ ಕಡೆಯಬೇಕು. ಒಣಪುಡಿಯನ್ನು ನೇರವಾಗಿ ಉದುರಿಸಿದರೆ ಗಂಟುಕಟ್ಟುವುದು ಖಂಡಿತ. ಟೊಮೆಟೋ ಪೇಸ್ಟಿನ ಸ್ವಂತ ಸಕ್ಕರೆ ನೂರಕ್ಕೆ 12 ಗ್ರಾಮಿನಷ್ಟಿರುವುದರಿಂದ ಈ ಸಾಸಿನ ಎರಡು ದೊಡ್ಡ ಚಮಚಕ್ಕೆ ಒಂದೂವರೆ ಗ್ರಾಂ ಸಕ್ಕರೆ ಬೀಳುತ್ತದೆ. ಕಾನೂನಿನ ಕಣ್ಣಿಗೆ ಇದು ಸಕ್ಕರೆರಹಿತವಲ್ಲ. ಅಂಗಡಿಯ ಸೀಸೆಯ ಹತ್ತನೆಯ ಒಂದು ಪಾಲು ಮಾತ್ರ. ಊಟದ ಲೆಕ್ಕ ನೋಡಿ ಇನ್ಸುಲಿನ್ ತೆಗೆದುಕೊಳ್ಳುವವರು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಸಕ್ಕರೆಯ ಸಾಸಿಗೆಂದು ಎಣಿಸಿದ ಅಳತೆ ಇದಕ್ಕೆ ಹೆಚ್ಚಾದೀತು. ಮಾಂಸ ತಿನ್ನದವರು ಪನೀರಿನ ತುಂಡಿಗೋ ಕೆಂಡದಲ್ಲಿ ಸುಟ್ಟ ಬದನೆಕಾಯಿಗೋ ಇದನ್ನು ಸವರಿ ನೋಡಬಹುದು.

ಬದಲಿ ಸಿಹಿಗಳಿಗೆ ಪೂರ್ತಿ ಒಗ್ಗಿಹೋಗುವುದೂ ತರವಲ್ಲ. ತೂಕ ಇಳಿಸಿಕೊಳ್ಳಲೆಂದು ಸುಕ್ರಲೋಸ್, ಸ್ಯಾಕರಿನ್ ಮೊದಲಾದುವನ್ನು ನೆಚ್ಚಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹವುಳ್ಳವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಪ್ರತಿಸಲ ಮಾಡುವಾಗಲೂ ಆಲ್ಯುಲೋಸನ್ನು ಅರ್ಧ ಚಮಚ ಇಳಿಸುತ್ತ ಹೋದರೆ ನಾಲಗೆ ಗೊಣಗದೆ ಹೊಂದಿಕೊಳ್ಳುತ್ತದೆ. ಕ್ಸೈಲಿಟಾಲ್ ಎಂಬ ಸಿಹಿಯನ್ನು ಮಾತ್ರ ನಾಯಿ ಸಾಕಿದ ಮನೆಗಳಲ್ಲಿ ಬಳಸದಿರುವುದು ಲೇಸು: ಮನುಷ್ಯರಿಗೆ ತೊಂದರೆಯಿಲ್ಲದ ಆ ಪುಡಿ ನಾಯಿಗೆ ವಿಷ, ಸಾಸು ಮೆತ್ತಿದ ಮೂಳೆ ಕೊನೆಗೆ ಹೋಗುವುದು ನಾಯಿಯ ಬಾಯಿಗೇ.

ಸಕ್ಕರೆಯ ಕಾವಲಿಲ್ಲದ ಕೆಂಪು ಸಾಸನ್ನು ತಂಪುಪೆಟ್ಟಿಗೆಯಲ್ಲಿಟ್ಟು ಹತ್ತು ದಿನದೊಳಗೆ ಮುಗಿಸಬೇಕು. ವಿನಿಗರ್ ಸಾಸಿಗೆ ಆ ಅವಸರವಿಲ್ಲ. ಅಲ್ಲಿಯೇ ಒಂದು ತಿಂಗಳು ಕುಳಿತರೂ ಕೆಡುವುದಿಲ್ಲ. ವಾರ ಕಳೆದ ಮೇಲೆ ಖಾರ ಮಾತ್ರ ಇನ್ನಷ್ಟು ಏರಿರುತ್ತದೆ.